ಮಂಜಿನ ಬೆಟ್ಟಕ್ಕೆ ಮೊದಲ ರೀಲು

ಅಟ್ಟದ ಮೇಲಿದ್ದ ಹಳೇ ಫಿಲ್ಮ್ ಕ್ಯಾಮೆರಾ ಇಳಿಸಿಕೊಂಡವರು ಮೊದಲ ರೀಲನ್ನು ಎಲ್ಲಿ ಖರ್ಚು ಮಾಡಲಿ ಎಂದರೆ ನಾನು ಗುಂಡ್ಲುಪೇಟೆ ದಾರಿ ತೋರಿಸುತ್ತೇನೆ. ಹಂಗಳ ದಾಟಿ, ಬುಡದಲ್ಲಿ ಸ್ವಂತ ಗಾಡಿ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ ಹತ್ತಿದರೆ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಸುತ್ತಲಿನದೆಲ್ಲ ಬಂಡೀಪುರದ ಕಾಡು. ದೇವಸ್ಥಾನದ ಆವರಣ ಬಿಟ್ಟು ಅಲೆಯುವಂತಿಲ್ಲ. 36 ಚಿತ್ರದ ರೀಲಿಗೆ ಅಷ್ಟು ಜಾಗ ಧಾರಾಳ.

ಐಎಸ್‌ಒ 400ರ ಕಪ್ಪು ಬಿಳುಪು ರೀಲು ಹಾಕಿ. ಕಲರ್ ಬೇಕೆಂದರೆ ಮಳೆಗಾಲದಲ್ಲಿ ಕೆಳಗಿನ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಿವೆ. ಗುಂಡ್ಲುಪೇಟೆಯ ಹೆದ್ದಾರಿ ಬಂಡೀಪುರ ದಾಟಿ ಸೇರುವ ಊಟಿಯಲ್ಲೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ರೀಲು ತಯಾರಿಸುತ್ತಿತ್ತು. ಆ ಕಾರ್ಖಾನೆ ಮುಚ್ಚಿದೆ. ಬೀರುವಿನಲ್ಲಿ ಅದರ ಹಳೇ ರೀಲು ಸಿಕ್ಕರೆ ನೆನಪಿಗೆ ಇಟ್ಟುಕೊಳ್ಳಿ, ಮೊದಲ ಪ್ರಯೋಗಕ್ಕೆ ಬೇಡ.

ರೀಲು ಹಾಕುವುದು ನೆರಳಲ್ಲಿ. ಫಿಲ್ಮಿನ ತುದಿಯನ್ನು ಬಲಗಡೆಯ ಉರುಳೆಗೆ ಸಿಕ್ಕಿಸಿ, ಎರಡೂ ಅಂಚಿನ ತೂತುಗಳು ಹಲ್ಲಿಗೆ ಕೂತ ಮೇಲೆ ಹಿಂಬಾಗಿಲು ಮುಚ್ಚಿ. ಸಡಿಲವಿರುವ ಫಿಲ್ಮನ್ನು ಎಡಗಡೆಯ ಗುಂಡಿಯಿಂದ ಬಿಗಿ ಮಾಡಿ, ಸನ್ನೆ ಎಳೆಯಿರಿ. ಆಗ ಆ ಎಡಗಡೆಯ ಗುಂಡಿ ತಾನಾಗಿ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಕಚ್ಚಿಕೊಂಡಿಲ್ಲ. ದಿನವಿಡೀ ಕ್ಲಿಕ್ಕಿಸಿದ್ದೆಲ್ಲ ಖಾಲಿ.

ಇನ್ನು ಬೆಟ್ಟದ ಮಂಜು. ಕ್ಯಾಮೆರಾದ ಬೆಳಕಿನ ಮೀಟರಿಗೆ ಎದುರಿಗೆ ಇರುವುದೆಲ್ಲ ನಡು ಬೂದು ಬಣ್ಣವೆಂಬ ನಂಬಿಕೆ. ಬಿಳಿ ಮಂಜು ತೋರಿಸಿದರೆ ಬೆಳಕು ಹೆಚ್ಚಾಯಿತೆಂದು ಕಡಿಮೆ ಮಾಡಿಸುತ್ತದೆ, ಚಿತ್ರ ಬೂದಿ ಬಳಿದಂತೆ ಬರುತ್ತದೆ. ಅದು ಅಪರ್ಚರ್ 11 ಎಂದರೆ ನೀವು 8ಕ್ಕೆ ತಿರುಗಿಸಿ. ದಟ್ಟ ಮಂಜಿದ್ದರೆ 5.6ಕ್ಕೂ ಹೋಗಬಹುದು. ನೆಗೆಟಿವ್ ಫಿಲ್ಮ್ ಹೆಚ್ಚಿನ ಬೆಳಕನ್ನು ಸಹಿಸುತ್ತದೆ, ಕೊರತೆಯನ್ನು ಸಹಿಸುವುದಿಲ್ಲ. ಈ ಒಂದು ಮಾತು ಗೊತ್ತಿದ್ದರೆ ಉಳಿದ ಲೆಕ್ಕಾಚಾರ ಆಮೇಲೆ ಕಲಿಯಬಹುದು.

ರೀಲು ಮುಗಿದಾಗ ತಳದ ಗುಂಡಿ ಒತ್ತಿ ಹಿಂದಕ್ಕೆ ಸುತ್ತದೆ ಬಾಗಿಲು ತೆರೆಯಬೇಡಿ. ತೊಳೆಸಲು ಕೊಡುವಾಗ ನೆಗೆಟಿವ್ ವಾಪಸ್ ಬೇಕೆಂದು ಹೇಳಿ. ಸ್ಕ್ಯಾನ್ ಕಳಿಸಿ ಸುಮ್ಮನಾಗುವವರಿದ್ದಾರೆ.

ನೆಗೆಟಿವನ್ನು ಕಿಟಕಿಗೆ ಹಿಡಿದರೆ ಮಂಜು ಕಪ್ಪಗೆ, ಗೋಪುರದ ನೆರಳಿನ ಭಾಗ ತೆಳ್ಳಗೆ ಕಾಣುತ್ತದೆ. ಆ ತೆಳುವಿನಲ್ಲೂ ಕಲ್ಲಿನ ಗೆರೆ ಕಂಡರೆ ಬೆಳಕು ಸಾಕಾಗಿದೆ. ಪ್ರಿಂಟಿನಲ್ಲಿ ನೋಡಬೇಕಾದ್ದು ಬೂದುಗಳನ್ನು: ಹತ್ತಿರದ ಗೋಡೆ ಕಡುಗಪ್ಪು, ಆಚೆಯ ಗುಡ್ಡ ಮಸುಕು, ಅದರಾಚೆಯದು ಇದೆಯೋ ಇಲ್ಲವೋ ಎಂಬಷ್ಟು. ಮಂಜಿನ ಮೇಲೆ ರವೆಯಂಥ ಕಾಳು ಕಾಣುತ್ತದೆ; ಅದು ದೋಷವಲ್ಲ, ಬೆಳ್ಳಿಯದು. ಕಣ್ಣು ಪಳಗಬೇಕಾದರೆ ಸಂಡೂರಿನ ಎಂ. ವೈ. ಘೋರ್ಪಡೆಯವರ ಕಪ್ಪು ಬಿಳುಪು ವನ್ಯಜೀವಿ ಚಿತ್ರಗಳನ್ನು ಹುಡುಕಿ ನೋಡಿ, ಫೋನಿನಲ್ಲಲ್ಲ, ಅಚ್ಚಾದ ಪುಟದಲ್ಲಿ.