ಕೊನೆಯ ನಾಲ್ಕು ಬೆರಳು

ಚೌಕಟ್ಟಿಲ್ಲದ ಗಾಜಿನ ಬಾಗಿಲು ನೋಡಲು ಹೋದಾಗ ನನ್ನ ಮೊದಲ ಕೆಲಸ ಅದನ್ನು ಅರ್ಧ ತೆರೆದು ಕೈಬಿಡುವುದು. ಒಳ್ಳೆಯ ಬಾಗಿಲು ಒಂದೇ ಹದದಲ್ಲಿ ಬರುತ್ತದೆ. ಇನ್ನು ನಾಲ್ಕು ಬೆರಳು ಉಳಿದಾಗ ಮತ್ತಷ್ಟು ನಿಧಾನಿಸಿ, ಸದ್ದಿಲ್ಲದೆ ತನ್ನ ಜಾಗದಲ್ಲಿ ನಿಲ್ಲುತ್ತದೆ. ಕೆಟ್ಟ ಬಾಗಿಲು ಅತ್ತಿತ್ತ ತೂಗಾಡುತ್ತದೆ, ಇಲ್ಲವೇ ಒಳಗೆ ಹೋಗುವವರ ಹಿಮ್ಮಡಿಗೆ ಬಡಿಯುತ್ತದೆ.

ಈ ನಡಿಗೆಯ ಗುಟ್ಟು ನೆಲದೊಳಗಿದೆ. ಕಲ್ಲು ಕೊರೆದು ಹೂತಿಟ್ಟ ಫ್ಲೋರ್ ಸ್ಪ್ರಿಂಗ್ ಪೆಟ್ಟಿಗೆಯಲ್ಲಿ ಸ್ಪ್ರಿಂಗೂ ಎಣ್ಣೆಯೂ ಇರುತ್ತವೆ. ಬಾಗಿಲು ತೆರೆದಾಗ ಸ್ಪ್ರಿಂಗ್ ಬಿಗಿಯಾಗುತ್ತದೆ. ಮುಚ್ಚುವಾಗ ಎಣ್ಣೆ ಸಣ್ಣ ಕಿಂಡಿಯಲ್ಲಿ ನುಸುಳುತ್ತ ವೇಗ ತಡೆಯುತ್ತದೆ. ಮೇಲಿನ ಸ್ಟೀಲ್ ತಗಡು ತೆಗೆದರೆ ಸಾಮಾನ್ಯವಾಗಿ ಎರಡು ತಿರುಪು ಕಾಣುತ್ತವೆ. ಒಂದು ಇಡೀ ಓಟಕ್ಕೆ, ಇನ್ನೊಂದು ಆ ಕೊನೆಯ ನಾಲ್ಕು ಬೆರಳಿಗೆ. 12 ಮಿ.ಮೀ. ಗಾಜು ಚದರ ಮೀಟರಿಗೆ 30 ಕೆ.ಜಿ. ತೂಗುತ್ತದೆ. ಮೂರಡಿಗೆ ಏಳಡಿಯ ಬಾಗಿಲೆಂದರೆ ಸುಮಾರು 58 ಕೆ.ಜಿ., ಒಂದು ಮೂಟೆ ಸಿಮೆಂಟಿಗಿಂತ ಭಾರ. ಅಷ್ಟನ್ನು ದಿನವಿಡೀ ಹೊತ್ತು ಆಡಿಸುವ ಸ್ಪ್ರಿಂಗಿನಲ್ಲಿ ದುಡ್ಡು ಉಳಿಸಬೇಡಿ. ಉಳಿಸಲೇಬೇಕಿದ್ದರೆ ಹ್ಯಾಂಡಲಿನಲ್ಲಿ ಉಳಿಸಿ.

ಗಾಜು ಟಫನ್ಡ್ ಆಗಿರಲೇಬೇಕು. 620 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಗಾಳಿ ಊದಿ ಥಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ತಣಿದು ಕುಗ್ಗುತ್ತ ಹೊರಮೈಯನ್ನು ಬಿಗಿಯುತ್ತದೆ. ಆ ಬಿಗಿಯಿಂದಲೇ ಮಾಮೂಲಿ ಗಾಜಿನ ನಾಲ್ಕೈದು ಪಟ್ಟು ಬಲ. ಒಡೆದರೂ ಕಲ್ಲುಸಕ್ಕರೆಯಂತೆ ಹರಳು ಹರಳಾಗಿ ಉದುರುತ್ತದೆ. ಆದರೆ ಹದಗೊಂಡ ಗಾಜನ್ನು ಮತ್ತೆ ಕತ್ತರಿಸುವಂತಿಲ್ಲ, ಕೊರೆಯುವಂತಿಲ್ಲ. ಬೀಗ, ಹ್ಯಾಂಡಲ್, ಗಾಜಿನ ಮೂಲೆ ಹಿಡಿಯುವ ಪ್ಯಾಚ್ ಫಿಟ್ಟಿಂಗ್‌ಗಳ ತೂತೆಲ್ಲ ಭಟ್ಟಿಗೆ ಹೋಗುವ ಮುನ್ನವೇ ಆಗಬೇಕು. ನಮ್ಮ ನೆಂಟರೊಬ್ಬರು ಔಷಧಿ ಅಂಗಡಿಗೆ ಗ್ರಾನೈಟ್ ಹಾಸುವ ಮೊದಲೇ ಅಳತೆ ಕೊಟ್ಟುಬಿಟ್ಟರು. ಬಂದ ಗಾಜು ಅರ್ಧ ಅಂಗುಲ ಉದ್ದ! ಮರದ್ದಾಗಿದ್ದರೆ ಬಡಗಿ ತಳ ಕೀಸಿ ಕೂರಿಸುತ್ತಿದ್ದ. ಆ ಗಾಜು ಗೋಡೆಗೆ ಒರಗಿಕೊಂಡೇ ಉಳಿಯಿತು, ಹೊಸದಕ್ಕೆ ಮತ್ತೆ ಹಣ ಕಟ್ಟಿದರು. ಆದ್ದರಿಂದ ನೆಲದ ಕೆಲಸ ಪೂರ್ತಿ ಮುಗಿದ ಮೇಲೆಯೇ ಟೇಪು ಹಿಡಿಯಿರಿ.

ಈ ಗಾಜಿನ ಮರ್ಮಸ್ಥಾನ ಅಂಚು. ಕೂರಿಸುವ ಮುನ್ನ ನಾಲ್ಕೂ ಅಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಚಕ್ಕೆ ಎದ್ದಿದ್ದರೂ ವಾಪಸು ಕಳಿಸಿ. ಅಂಗಡಿಯವರು ಏನಾಗಲ್ಲ ಸಾರ್ ಎಂದರೂ ಒಪ್ಪಬೇಡಿ.

ಮನೆಯ ಮುಂಬಾಗಿಲಿಗೆ ಇದು ಬೇಡವೆಂದೇ ನನ್ನ ಅಭಿಪ್ರಾಯ. ಸುತ್ತ ಸಂದು ಇದ್ದೇ ಇರುತ್ತದೆ. ಮಳೆಯ ಎರಚಲು, ಇರುವೆ, ಸೊಳ್ಳೆ ಎಲ್ಲಕ್ಕೂ ದಾರಿ. ಅರಿಸಿನ ಕುಂಕುಮ ಇಡಲು ಹೊಸ್ತಿಲೂ ಇರುವುದಿಲ್ಲ. ಓದುವ ಕೋಣೆಗಾದರೆ ಸೊಗಸು, ಬೆಳಕು ನಡುಮನೆಯವರೆಗೂ ಹರಿಯುತ್ತದೆ. ಮಹಡಿ ಮೇಲಾದರೆ ಸ್ಪ್ರಿಂಗ್ ಪೆಟ್ಟಿಗೆಗೆ ಅಗೆಯುವ ಜಾಗದಲ್ಲಿ ವೈರಿನ ಪೈಪು ಹಾದಿದೆಯೇ ಎಂದು ಮೊದಲೇ ವಿಚಾರಿಸಿ.

ಅಂದ ಕೆಡುತ್ತದೆಂದು, ಗಾಜು ಕಣ್ಣಿಗೆ ಬೀಳಲೆಂದು ಅಂಟಿಸಿದ ಪಟ್ಟಿಯನ್ನು ಕೀಳಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಕೀಳಿಸಬೇಡಿ. ದೊಡ್ಡವರ ಕಣ್ಣಿನ ಮಟ್ಟಕ್ಕೆ ಒಂದು ಪಟ್ಟಿ ಇರಲಿ, ಓಡಿಬರುವ ಮಗುವಿನ ಕಣ್ಣಿನ ಮಟ್ಟಕ್ಕೆ ಇನ್ನೊಂದು.