ಇಟರ್‌ನ ಮೂರು ಕಾವಲು

ಫ್ರಾನ್ಸಿನ ಕಡರಾಶ್‌ನಲ್ಲಿ ಕಟ್ಟುತ್ತಿರುವ ಇಟರ್ ಪರಮಾಣು ಸಮ್ಮಿಲನ ಸ್ಥಾವರ ಎಂದೊಡನೆ 15 ಕೋಟಿ ಡಿಗ್ರಿ ಶಾಖದ ಮಾತು ಬರುತ್ತದೆ. ಆ ಶಾಖವನ್ನು ಅಂಕೆಯಲ್ಲಿಡುವ ನಿಯಂತ್ರಣ ವ್ಯವಸ್ಥೆ ಅದಕ್ಕಿಂತ ದೊಡ್ಡ ಸಾಧನೆ ಎಂಬುದು ನನ್ನ ಅಭಿಪ್ರಾಯ.

ಟೋಕಮಾಕ್ ಎಂಬ ಈ ಉಂಗುರಾಕಾರದ ಕಾಂತಯಂತ್ರದೊಳಗಿನ ಪ್ಲಾಸ್ಮಾವನ್ನು, ಅಂದರೆ ಕಾದ ಅನಿಲವನ್ನು, ಉದ್ದಕ್ಕೆ ಎಳೆದ ಆಕಾರದಲ್ಲಿ ಹಿಡಿದರೆ ಅದು ಹೆಚ್ಚು ಒತ್ತಡ ತಾಳುತ್ತದೆ. ಆದರೆ ಮೇಲಕ್ಕೋ ಕೆಳಕ್ಕೋ ಜಾರುವ ಗುಣವೂ ಅದರ ಜೊತೆಗೇ ಬರುತ್ತದೆ. ಪ್ಲಾಸ್ಮಾ ಜಾರುವುದನ್ನು ಸೆನ್ಸರ್‌ಗಳು ಕಂಡ ಕೂಡಲೇ ಕಾಂತ ಸುರುಳಿಗಳ ವಿದ್ಯುತ್ತನ್ನು ತಿದ್ದಬೇಕು. ತಪ್ಪಿದರೆ ಒಂದೂವರೆ ಕೋಟಿ ಆಂಪಿಯರ್ ಪ್ರವಾಹ ಕಣ್ಣು ಮಿಟುಕಿಸುವಷ್ಟರಲ್ಲಿ ಕುಸಿದು ಯಂತ್ರವನ್ನೇ ಜಖಂಗೊಳಿಸಬಲ್ಲದು.

ಇದಕ್ಕೆ ಇಟರ್ ಮೂರು ಪದರ ಹೆಣೆದಿದೆ. ದಿನನಿತ್ಯದ ನಿಯಂತ್ರಣ ಒಂದು, ಯಂತ್ರ ಕಾಯುವ ಇಂಟರ್‌ಲಾಕ್ ಇನ್ನೊಂದು, ಜನ ಮತ್ತು ಪರಿಸರ ಕಾಯುವ ಸುರಕ್ಷತಾ ವ್ಯವಸ್ಥೆ ಮೂರನೆಯದು. ಮೊದಲನೆಯದು ಕೆಟ್ಟರೂ ಉಳಿದೆರಡು ತಮ್ಮಷ್ಟಕ್ಕೆ ಕೆಲಸ ಮಾಡಬೇಕು. ಹುಬ್ಬಳ್ಳಿಯ ಕೈಗಾರಿಕಾ ವಾಲ್ವ್ ತಯಾರಕರಿಗೆ ಇದು ಚಿರಪರಿಚಿತ: ಹರಿವು ತಿದ್ದುವ ಕಂಟ್ರೋಲ್ ವಾಲ್ವ್ ಬೇರೆ, ಅಪಾಯ ಬಂದಾಗ ಮುಚ್ಚುವ ಶಟ್‌ಡೌನ್ ವಾಲ್ವ್ ಬೇರೆ.

ಪದರಗಳ ಬಳಿಕ ನನ್ನ ಎರಡನೆಯ ಮೆಚ್ಚುಗೆ ಮುಕ್ತತೆಗೆ. ಭಾರತವೂ ಸೇರಿ ಏಳು ಪಾಲುದಾರರು ಹಣಕ್ಕಿಂತ ಹೆಚ್ಚಾಗಿ ಯಂತ್ರಭಾಗಗಳನ್ನೇ ಕೊಡುತ್ತಾರೆ, ಆಯಾ ಭಾಗದ ನಿಯಂತ್ರಕಗಳೂ ಅವುಗಳೊಂದಿಗೇ ಬರುತ್ತವೆ. ಒಂದೇ ಭಾಷೆ ಇಲ್ಲದಿದ್ದರೆ ಕಂಟ್ರೋಲ್ ರೂಮ್ ಸಂತೆಯಾಗುತ್ತಿತ್ತು. ಅಮೆರಿಕದ ಲಾಸ್ ಅಲಮೋಸ್, ಆರ್ಗಾನ್ ಪ್ರಯೋಗಾಲಯಗಳಲ್ಲಿ ಹುಟ್ಟಿದ ಎಪಿಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಲಿನಕ್ಸ್ ಮೇಲೆ ಓಡಿಸುವ ತೀರ್ಮಾನ ಆ ಗೊಂದಲ ತಪ್ಪಿಸಿತು.

ಆದರೆ ನಿಧಾನಗತಿಯ ನಿಯಂತ್ರಣಕ್ಕೆ ಸೀಮೆನ್ಸ್ ಕಂಪನಿಯ ಪಿಎಲ್‌ಸಿ ಎಂಬ ಕೈಗಾರಿಕಾ ನಿಯಂತ್ರಕಗಳನ್ನೇ ಮಾನದಂಡವಾಗಿಸಿದ್ದು ನನಗೆ ಒಪ್ಪಿಗೆಯಿಲ್ಲ. ಬಿಡಿಭಾಗ, ತರಬೇತಿ ಸುಲಭವಾಯಿತು, ನಿಜ. ಆದರೆ 2024ರಲ್ಲಿ ಪರಿಷ್ಕರಿಸಿದ ವೇಳಾಪಟ್ಟಿಯಂತೆ ಸಂಶೋಧನಾ ಕಾರ್ಯಾಚರಣೆ ಶುರುವಾಗುವುದೇ 2034ಕ್ಕೆ. ಎಲೆಕ್ಟ್ರಾನಿಕ್ಸ್ ಇಷ್ಟು ಕಾಯುವುದಿಲ್ಲ. ಬೀಗದ ಕೈ ಒಬ್ಬರ ಬಳಿಯೇ ಇದ್ದರೆ ಮಾದರಿ ಬದಲಾದಾಗಲೆಲ್ಲ ಸ್ಥಾವರ ಅವರ ದಾರಿ ನೋಡಬೇಕು.

ಇನ್ನು ಕೃತಕ ಬುದ್ಧಿಮತ್ತೆಯ ಪ್ರಶ್ನೆ. 2022ರಲ್ಲಿ ಸ್ವಿಟ್ಜರ್ಲೆಂಡಿನ ಟಿಸಿವಿ ಟೋಕಮಾಕ್‌ನ ಸುರುಳಿಗಳನ್ನು ಡೀಪ್‌ಮೈಂಡ್ ಕಂಪನಿಯ ಕೃತಕ ಬುದ್ಧಿಮತ್ತೆ ನಡೆಸಿ ತೋರಿಸಿತು. ಇಟರ್‌ನ ಮೊದಲ ಪದರಕ್ಕೆ ಅದು ಬರಲಿ. ತಾನೇಕೆ ಹಾಗೆ ಮಾಡಿದೆ ಎಂದು ವಿವರಿಸಲಾಗದ ನಿಯಂತ್ರಕಕ್ಕೆ ಉಳಿದೆರಡರಲ್ಲಿ ಜಾಗವಿಲ್ಲ.

ಪದರಗಳ ಈ ಪಾಠವನ್ನು ನಮ್ಮಲ್ಲೂ ಕಲಿಯಬಹುದು: ಎಪಿಕ್ಸ್‌ಗೆ ಪರವಾನಗಿ ಶುಲ್ಕವಿಲ್ಲ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಧಾರವಾಡದ ಐಐಟಿಯಲ್ಲೋ ಹುಬ್ಬಳ್ಳಿಯ ಕಾಲೇಜಿನಲ್ಲೋ ಕೊನೆಯ ವರ್ಷದ ವಿದ್ಯಾರ್ಥಿಗಳು ಸ್ಥಳೀಯ ವಾಲ್ವೊಂದನ್ನು ಅದಕ್ಕೆ ಜೋಡಿಸಿ, ಇಂಟರ್‌ಲಾಕನ್ನು ಪ್ರತ್ಯೇಕ ಸರ್ಕ್ಯೂಟಿನಲ್ಲಿ ಕಟ್ಟಿ, ಲ್ಯಾಪ್‌ಟಾಪ್ ಆರಿಸಿದ ಮೇಲೂ ವಾಲ್ವ್ ಮುಚ್ಚುತ್ತದೆಯೇ ಎಂದು ಪರೀಕ್ಷಿಸಬಹುದು.