ಪಟ್ಟಿಯ ಮೇಲಿನ ‘20 ಕಿಗ್ರಾಂ’

ಮನೆಯಲ್ಲೇ ದೇಹಬಲ ಬೆಳೆಸಿಕೊಳ್ಳಲು ಮಡಚಿಡಬಲ್ಲ ರಬ್ಬರ್ ಪಟ್ಟಿಗಳೂ ‘ಸ್ಮಾರ್ಟ್’ ಯಂತ್ರಗಳೂ ಮಾರುಕಟ್ಟೆಯಲ್ಲಿವೆ. ಇವು ನಿರುಪಯುಕ್ತವೇನಲ್ಲ. ಸ್ನಾಯುವಿಗೆ ಬೇಕಾದುದು ಕ್ರಮೇಣ ಹೆಚ್ಚುವ ಪ್ರತಿರೋಧ. ಅದು ಕಬ್ಬಿಣದಿಂದಲೇ ಬರಬೇಕಿಲ್ಲ. ಆಕ್ಷೇಪವಿರುವುದು ಅವು ನೀಡುವ ಅಂಕಿಗಳ ಬಗ್ಗೆ.

ಪಟ್ಟಿಯ ಮೇಲೆ ‘20 ಕಿಗ್ರಾಂ’ ಎಂದಿರುತ್ತದೆ. ಎಷ್ಟು ಎಳೆದಾಗ? 20 ಕಿಗ್ರಾಂ ಡಂಬೆಲ್‌ನ ತೂಕ ಎಲ್ಲ ಎತ್ತರದಲ್ಲೂ ಸುಮಾರು 196 ನ್ಯೂಟನ್. ರಬ್ಬರ್‌ನ ಬಲವಾದರೋ ಎಳೆದಂತೆ ಏರುತ್ತದೆ. ಎಳೆತ ತಿಳಿಸದ ಅಂಕಿಯನ್ನು ನಂಬಿ ತನ್ನ ಪ್ರಗತಿಯನ್ನು ಲೆಕ್ಕಹಾಕುವ ವಿದ್ಯಾರ್ಥಿ ಮೋಸಹೋಗುತ್ತಾನೆ. ಮೋಟಾರುಳ್ಳ ಯಂತ್ರಗಳು ಬಲವನ್ನು ಚಲನೆಯುದ್ದಕ್ಕೂ ಸ್ಥಿರವಾಗಿಡಬಲ್ಲವು. ಇದು ಅವುಗಳ ನಿಜವಾದ ಹೆಚ್ಚುಗಾರಿಕೆ.

ಪರದೆ ತೋರಿಸುವ ಕ್ಯಾಲೊರಿಯನ್ನೂ ಪರೀಕ್ಷಿಸೋಣ. 10 ಕಿಗ್ರಾಂ ಭಾರವನ್ನು ಅರ್ಧ ಮೀಟರ್ ಎತ್ತರಕ್ಕೆ 100 ಬಾರಿ ಎತ್ತಿದರೆ ಆಗುವ ಕೆಲಸ ಸುಮಾರು 4,900 ಜೂಲ್, ಅಂದರೆ 1.2 ಕಿಲೊಕ್ಯಾಲೊರಿ. ಸ್ನಾಯುವಿನ ದಕ್ಷತೆ ಶೇ. 20-25 ಎಂದುಕೊಂಡರೆ, ಎತ್ತಲು ವ್ಯಯವಾಗುವುದು 5-6 ಕಿಲೊಕ್ಯಾಲೊರಿ. ಭಾರವನ್ನು ಅಲುಗಾಡಿಸದೆ ಹಿಡಿದರೆ ಕೆಲಸ ಶೂನ್ಯ. ಆದರೂ ತೋಳು ದಣಿಯುತ್ತದೆ! ಯಂತ್ರ ಅಳೆಯಬಲ್ಲದ್ದು ಕೆಲಸವನ್ನು. ದೇಹದ ವ್ಯಯ ಬರಿಯ ಅಂದಾಜು.

ಅಧ್ಯಾಪಕರು ಒಂದು ಪಟ್ಟಿ, ಸ್ಪ್ರಿಂಗ್ ತಕ್ಕಡಿ ಹಾಗೂ ಅಳತೆಪಟ್ಟಿಯನ್ನು ತರಗತಿಗೆ ತರಲಿ. ಬಲ–ಎಳೆತದ ನಕ್ಷೆಯನ್ನು ವಿದ್ಯಾರ್ಥಿಗಳೇ ಬರೆಯಲಿ. ಗೆರೆ ಪೂರ್ತಿ ನೇರವಾಗಿರದು. ರಬ್ಬರ್ ಹುಕ್‌ನ ನಿಯಮವನ್ನು ಸ್ವಲ್ಪ ದೂರ ಮಾತ್ರ ಪಾಲಿಸುತ್ತದೆ. ‘20 ಕಿಗ್ರಾಂ’ ಎಲ್ಲಿ ಬರುತ್ತದೆಂಬುದೂ ಅಲ್ಲಿಯೇ ಕಾಣುತ್ತದೆ.